ದಿಲ್ಲಿ ತಡ ಮಾಡಿತು

ನನ್ನ ಮೊಮ್ಮಗಳು ಸನಾ ಹೋದ ತಿಂಗಳು ಕೊಪ್ಪಳದ ಒಂದು ಸಹಾಯವಾಣಿಯಲ್ಲಿ ಕೆಲಸಕ್ಕೆ ಸೇರಿದಳು. ನಳದಲ್ಲಿ ನೀರು ಬರಲಿಲ್ಲ, ಪಿಂಚಣಿ ನಿಂತುಹೋಯಿತು, ಬೀದಿದೀಪ ಹತ್ತಲಿಲ್ಲ ಎಂದು ಜನ ಫೋನ್ ಮಾಡುತ್ತಾರೆ. ಇವಳು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳುತ್ತಾಳೆ, ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ಸೇರಿದ ಮೊದಲ ವಾರವೇ ಒಂದು ಸಂಜೆ ಬಂದು ನನ್ನ ಮಂಚದ ಮೇಲೆ ಧೊಪ್ಪನೆ ಕೂತಳು.

“ದಾದಿ, ಒಬ್ಬ ಮುದುಕ ಮೂರನೇ ಸಲ ಫೋನ್ ಮಾಡಿದ್ದ. ಭಾಳ ತಲಿ ತಿಂತಾನ.”

“ನೀ ಏನು ಮಾಡಿದಿ?”

“ಪೆಂಡಿಂಗ್ ಅಟ್ ಬೆಂಗಳೂರ್ ಅಂತ ಹಾಕಿ ಮುಗಿಸಿದೆ.”

“ಬೆಂಗಳೂರ್ ಅಂದ್ರ ಯಾರು?”

“ಯಾರೂ ಅಲ್ಲ ದಾದಿ. ಇಂಗ್ಲಿಷಿನಾಗ ಹಂಗ ಬರೀತಾರ. ಊರಿನ ಹೆಸರು ಹಾಕಿದ್ರ ಯಾರಿಗೂ ತ್ರಾಸಿಲ್ಲ.”

ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು. ಈ ಮಾತನ್ನು ನಾನು ಇದೇ ಊರಿನಲ್ಲಿ ಬೇರೊಬ್ಬರ ಬಾಯಿಂದ ಕೇಳಿದ್ದೆ. ಕೇಳಿ, ನಂಬಿ, ಸಹಿ ಮಾಡಿದ್ದೆ.

ಮರುದಿನವೇ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸು ಎಂದು ಸನಾಳಿಗೆ ಗಂಟುಬಿದ್ದೆ. ಈಗ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ನಾನು ‘ಕ’ ಒತ್ತಿದರೆ ಅದು ತಾನೇ ನಾಲ್ಕು ಮಾತು ಮುಂದಿಡುತ್ತದೆ, ನನ್ನ ಅತ್ತೆಯ ಹಾಗೆ. ಇದರಲ್ಲಿ ತಪ್ಪುಗಳು ಕಂಡರೆ ಅವು ಫೋನಿನವು. ನೋಡಿದಿರಾ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಚಟ ಈ ವಯಸ್ಸಿನಲ್ಲೂ ಹೋಗಿಲ್ಲ. ಈ ಬರಹ ಅದರ ಬಗ್ಗೆಯೇ.

ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳ, ನಾಲ್ಕೂ ಕಡೆ ಕೂತಿದ್ದೇನೆ. ಬಡ್ತಿ ಒಂದೆರಡು ಸಿಕ್ಕವು. ಅವನ್ನು ಬರೆದರೆ ನಿಮಗೆ ಆಕಳಿಕೆ ಬಂದೀತು. ಕಿವಿಗೆ ಯಂತ್ರ ಹಾಕಿಕೊಂಡು ಕೂರುವ ಇಂದಿನ ಹುಡುಗ ಹುಡುಗಿಯರಿಗೆ ಹೇಳಬೇಕಾದದ್ದು ಬೇರೆ ಇದೆ.

ತರಬೇತಿ ಹುಬ್ಬಳ್ಳಿಯಲ್ಲಾಯಿತು. ಕಲಿಸಿದವರು ಬಿಗಿ ತುರುಬಿನ ಒಬ್ಬ ಮೇಡಂ. ಮೊದಲ ದಿನ ಸಾಲಾಗಿ ನಿಲ್ಲಿಸಿ ಹೆಸರು ಕೇಳಿದರು. ನಾನು “ಖೈರುನ್ನಿಸಾ” ಎಂದೆ.

“ಛಲೋ ಹೆಸರೈತಿ. ಅದನ್ನ ಚಪ್ಪಲಿ ಕೂಡ ಹೊರಗ ಬಿಟ್ಟು ಬರ್ರಿ” ಎಂದರು. “ಬೋರ್ಡಿನ ಮುಂದ ಕುಂತ ಮ್ಯಾಲೆ ನಿಮ್ಮೂರೇ ನಿಮ್ಮ ಹೆಸರು. ನೀವು ಕುಷ್ಟಗಿ. ಆ ಕಡಿ ಕುಂತಾಕಿ ಹುಬ್ಬಳ್ಳಿ. ಅದರಾಚಿ ಬ್ಯಾಂಗಲೋರ್. ಅದರಾಚಿ ಡೆಲ್ಲಿ.”

ನಾನು ಬಾಯಿ ಮುಚ್ಚಿಕೊಂಡಿರುವ ಹುಡುಗಿಯಲ್ಲ. “ಡೆಲ್ಲಿ ಅಲ್ರಿ ಮೇಡಂ, ದಿಲ್ಲಿ ರಿ” ಎಂದೆ.

“ಮನ್ಯಾಗ ದಿಲ್ಲಿ. ಬೋರ್ಡಿನ ಮ್ಯಾಲೆ ಡೆಲ್ಲಿ. ಈ ಇಂಗ್ಲಿಷಿನಾಗ ಅದು ಊರಲ್ಲ, ಒಂದು ಕುರ್ಚಿ ಅಂತ ತಿಳ್ಕೋರಿ. ಯಾರು ಕುಂತಿದ್ರೂ ಡೆಲ್ಲಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ಫೋನ್ ಮಾಡುವುದೆಂದರೆ ಹೇಗಿತ್ತು ಎಂದು ಇಂದಿನವರಿಗೆ ಹೇಳದಿದ್ದರೆ ತಿಳಿಯದು. ಪರವೂರಿಗೆ ಮಾತಾಡಬೇಕಾದವರು ನಮ್ಮ ಕಿಟಕಿಗೆ ಬಂದು ಊರು, ನಂಬರು ಹೇಳುತ್ತಿದ್ದರು. ನಾವು ಚೀಟಿ ಬರೆದುಕೊಳ್ಳುತ್ತಿದ್ದೆವು. ಅವಸರದ್ದಾದರೆ ಚೀಟಿಗೆ ಕೆಂಪು ಗೆರೆ. ಆಮೇಲೆ ಬೋರ್ಡು ಎನ್ನುವ ತೂತುಗಳ ದೊಡ್ಡ ಹಲಗೆಗೆ ತಂತಿಯ ದಾರ ಸಿಕ್ಕಿಸಿ ಹುಬ್ಬಳ್ಳಿಯನ್ನು ಕೂಗುವುದು. ಹುಬ್ಬಳ್ಳಿ ಬೆಂಗಳೂರನ್ನು ಕೊಡುತ್ತಿತ್ತು, ಬೆಂಗಳೂರು ದಿಲ್ಲಿಯನ್ನು ಕೊಡುತ್ತಿತ್ತು. ನಮ್ಮಂಥ ಸಣ್ಣ ಊರಿಗೆ ದೂರದ ದಾರಿ ಇದ್ದದ್ದು ಒಂದೇ. ಒಬ್ಬರು ಅದನ್ನು ಹಿಡಿದು ಕೂತರೆ ಉಳಿದವರೆಲ್ಲ ಬೆಂಚಿನ ಮೇಲೆ.

ಹೆಸರನ್ನು ಅಕ್ಷರ ಬಿಡಿಸಿ ಹೇಳುವಾಗಲೂ ಊರುಗಳೇ ಬೇಕು. ಬಿ ಫಾರ್ ಬಾಂಬೆ, ಎಂ ಫಾರ್ ಮದ್ರಾಸ್, ಡಿ ಫಾರ್ ಡೆಲ್ಲಿ. ಕುಷ್ಟಗಿ ದಾಟಿ ಹುಬ್ಬಳ್ಳಿಯಾಚೆ ಹೋಗದ ನಾನು ದಿನಕ್ಕೆ ಹತ್ತು ಸಲ ದಿಲ್ಲಿಯ ಹೆಸರು ಹೇಳುತ್ತಿದ್ದೆ.

ಕುಷ್ಟಗಿಯಲ್ಲಿ ನಾನೊಬ್ಬಳೇ. ಒಂದು ದಿನ ಹುಸೇನಸಾಬ ಎಂಬ ಮುದುಕರು ಕಿಟಕಿಗೆ ಬಂದರು. ಹಳ್ಳಿಯಲ್ಲಿ ಹೊಲ, ತಲೆಗೆ ರುಮಾಲು, ಕೈಯಲ್ಲಿ ಮಡಿಚಿದ ಪೇಪರು.

“ಬೇಟಿ, ದಿಲ್ಲಿಗೆ ಒಂದು ಫೋನ್ ಹಚ್ಚಿ ಕೊಡು.”

“ನಂಬರ್ ಹೇಳ್ರಿ ಚಾಚಾ.”

“ನಂಬರ್ ಯಾಕ? ದಿಲ್ಲಿಗೇ ಮಾತಾಡಬೇಕು ನಾ. ನಮ್ಮೂರಿನ ಬಾವಿ ನೀರು ಉಪ್ಪು ಆಗೇತಿ. ಮಾಸ್ತರ ಇಂಗ್ಲಿಷ್ ಪೇಪರ್ ಓದಿ ಹೇಳಿದ, ನೀರಿನ ಪೈಪಿಗೆ ದಿಲ್ಲಿ ಒಪ್ಪೇತಂತ. ಒಪ್ಪಿದ ಮ್ಯಾಲೆ ಎಂದು ಕಳಸ್ತೀರಿ ಅಂತ ಕೇಳ್ತೀನಿ.”

ಪೇಪರಿನ ದಿಲ್ಲಿ ಎಂದರೆ ಸರಕಾರ, ಅದಕ್ಕೆ ನಂಬರಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಆದರೆ ನನ್ನೊಳಗೆ ಒಂದು ಕಿಡಿಗೇಡಿ ಕೂತಿತ್ತು, ಈಗಲೂ ಕೂತಿದೆ. ಹುಬ್ಬಳ್ಳಿ, ಬೆಂಗಳೂರು ದಾಟಿ ದಿಲ್ಲಿಯನ್ನು ಹಿಡಿದೆ. ಆ ಕಡೆ ಒಂದು ಹೆಣ್ಣು ದನಿ, “ಡೆಲ್ಲಿ” ಎಂದಿತು. ತುಸು ಒರಟಾದ, ನೆಗಡಿಯಾದಂಥ ದನಿ. ನಾನು ಉರ್ದುವಿನಲ್ಲಿ ಪಿಸುಗುಟ್ಟಿದೆ: ದಿಲ್ಲಿಯ ಕೂಡ ಮಾತಾಡಬೇಕು ಎಂದು ಒಬ್ಬ ಅಜ್ಜ ಬಂದಿದ್ದಾರೆ, ಬೇರೆ ಯಾರೂ ಬೇಡವಂತೆ.

ಆಕೆ ಬೈದು ಫೋನಿಡುತ್ತಾಳೆ ಎಂದುಕೊಂಡಿದ್ದೆ. “ಕೊಡು” ಎಂದಳು.

ಹುಸೇನಸಾಬರು ನಮ್ಮ ಕಡೆಯ ಉರ್ದುವಿನಲ್ಲಿ ಬಾವಿಯ ಕಥೆ ಹೇಳಿದರು. ಎಮ್ಮೆಗಳು ಆ ನೀರಿಗೆ ಬಾಯಿ ಹಾಕದ್ದು, ಸೊಸೆ ಎರಡು ಮೈಲಿ ಕೊಡ ಹೊತ್ತದ್ದು, ಎಲ್ಲ. ಆಕೆ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, “ಕೇಳಿದೆ ಬಾಬಾ. ಬರೆದುಕೊಂಡೆ” ಎಂದಳು. ಅಷ್ಟೇ. ಮುದುಕರು ಕಿಟಕಿಯಿಂದ ಹಿಂದೆ ಸರಿದು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. “ದಿಲ್ಲಿ ಭಾಳ ಛಲೋ ಐತಿ ಬೇಟಿ. ಹೆಣ್ಣುಮಗಳು” ಎಂದರು.

ಆಮೇಲೆ ಪ್ರತಿ ಸಂತೆಯ ದಿನ ಬಂದು ಕೇಳುತ್ತಿದ್ದರು: “ದಿಲ್ಲಿ ಏನಂತು?” ನಾನು, “ನಿಮ್ಮನ್ನ ನೆನೆಸ್ತೈತ್ರಿ ಚಾಚಾ” ಎನ್ನುತ್ತಿದ್ದೆ. ಪೈಪು ಅವರ ಕಾಲಕ್ಕೆ ಬರಲಿಲ್ಲ. ನನ್ನ ಚೇಷ್ಟೆಯಿಂದ ಅವರು ಎಷ್ಟು ಸಂತೆಗಳ ತನಕ ಕಾದರೋ ಏನೋ.

ದಿಲ್ಲಿಯ ಪರಿಚಯವಾದದ್ದು ಹೀಗೆ. ದಿಲ್ಲಿಯ ಎಕ್ಸ್‌ಚೇಂಜಿನ ದೊಡ್ಡ ಕೋಣೆಯಲ್ಲಿ ಹತ್ತಾರು ಜನ ಕೂರುತ್ತಿದ್ದರು. ನಮ್ಮ ಕಡೆಯ ದಾರಿ ಬರುತ್ತಿದ್ದ ಜಾಗದಲ್ಲಿ ಮಧ್ಯಾಹ್ನದ ಪಾಳಿ ಹೆಚ್ಚಾಗಿ ಆಕೆಯದೇ. ದನಿ ಕೇಳಿದ ಕೂಡಲೇ, “ಅಜ್ಜನ ಕುಷ್ಟಗಿಯಾ?” ಎನ್ನುತ್ತಿದ್ದಳು. ಎರಡು ವರ್ಷಕ್ಕೆ ನನ್ನನ್ನು ಯಲಬುರ್ಗಾಕ್ಕೆ ಹಾಕಿದರು. ಮೊದಲ ದಿನ, “ಡೆಲ್ಲಿ, ಯಲಬುರ್ಗಾ ಹಿಯರ್” ಎಂದೆ.

“ಸುಳ್ಳು ಹೇಳಬೇಡ. ನೀನು ಕುಷ್ಟಗಿ” ಎಂದಳು.

“ಕುಷ್ಟಗಿಯಲ್ಲಿ ಈಗ ಬೇರೆಯವಳಿದ್ದಾಳೆ. ನಾನು ಯಲಬುರ್ಗಾ.”

“ಇಷ್ಟು ಉದ್ದದ ಹೆಸರು ಯಾಕಿಟ್ಟುಕೊಂಡೆ? ಮದುವೆಯಾಯಿತೇ?”

ಆಕೆಯ ಜೊತೆಗಿನ ಮಾತು ಹೀಗೆಯೇ. ನಾನು ನಮ್ಮ ಕಡೆಯ ಉರ್ದುವಿನಲ್ಲಿ ಬೇಡ ಎನ್ನಲು ‘ನಕ್ಕೋ’ ಎಂದರೆ, ಹೌದು ಎನ್ನಲು ‘ಹೌ’ ಎಂದರೆ ಬಿದ್ದು ಬಿದ್ದು ನಗುತ್ತಿದ್ದಳು. ಒಮ್ಮೆ ಯಾರದೋ ಹೆಸರು ಬಿಡಿಸಿ ಹೇಳುತ್ತ “ಡಿ ಫಾರ್ ಡೆಲ್ಲಿ” ಎಂದೆ. “ನನ್ನನ್ನು ನನಗೇ ಪರಿಚಯ ಮಾಡಿಕೊಡುತ್ತೀಯಾ?” ಎಂದಳು. ನಡುವೆ ಬೆಂಗಳೂರು ಕೂತಿರುತ್ತಿದ್ದ. ಬೆಂಗಳೂರು ಎಂದರೆ ಸದಾ ಕೆಮ್ಮುವ ಒಬ್ಬ ಗಂಡಸು. ನಮ್ಮ ನಗು ಕೇಳಿದರೆ, “ಲೈನ್ ಬಿಡ್ರಮ್ಮಾ, ಇದೇನು ನಲ್ಲಿಕಟ್ಟೆನಾ?” ಎಂದು ಗದರುತ್ತಿದ್ದ. ಕೆಲಸದ ಹೊತ್ತಿನಲ್ಲಿ ಆಪರೇಟರುಗಳು ಸ್ವಂತ ಮಾತಾಡುವಂತಿಲ್ಲ, ಅದು ಇಲಾಖೆಯ ಕಟ್ಟುನಿಟ್ಟು.

ಗಂಗಾವತಿಯಲ್ಲಿ ಒಂದು ದೊಡ್ಡ ಎಡವಟ್ಟು ಮಾಡಿದೆ. ಎರಡು ದಾರ ಅದಲುಬದಲಾಗಿ, ಹುಡುಗಿ ಹೇಗನಿಸಿದಳು ಎಂದು ಅವಳ ತಂದೆ ನೋಡಿ ಹೋದ ಬೀಗರಿಗೆ ಕೇಳಿದ ಮಾತು ಅಕ್ಕಿ ಅಂಗಡಿಗೆ ಹೋಯಿತು. ಅಂಗಡಿಯವನು, “ಮಾಲು ಬೆಳ್ಳಗೈತಿ, ಆದ್ರ ನುಚ್ಚು ಭಾಳ, ವಾಪಸ್ ಕಳಸ್ತೀವಿ” ಎಂದ. ಹುಡುಗಿಯ ತಂದೆ ಮರುದಿನ ಕೋಲು ಹಿಡಿದು ಎಕ್ಸ್‌ಚೇಂಜಿಗೆ ಬಂದರು. ಅವರನ್ನು ಕೂರಿಸಿ ಚಹಾ ಕುಡಿಸಿ, ದಾರ ತಪ್ಪಿಸಿದವಳು ನಾನೇ ಎಂದು ಒಪ್ಪಿಕೊಂಡೆ. ಬೈದರು, ಹೋದರು, ಆ ಮದುವೆಗೆ ನನ್ನನ್ನೂ ಕರೆದರು. ತಪ್ಪನ್ನು ನನ್ನದು ಎಂದು ಹೇಳಿದರೆ ಆಗುವುದು ಇಷ್ಟೇ ಎಂದು ಅಂದೇ ಕಲಿಯಬೇಕಿತ್ತು.

ಆಮೇಲೆ ಕೊಪ್ಪಳ. ಅಲ್ಲಿ ಒಬ್ಬ ಗ್ರಾನೈಟ್ ವ್ಯಾಪಾರಿ ದಿನಾ ಮಧ್ಯಾಹ್ನ ಮೂರಕ್ಕೆ ದಿಲ್ಲಿಗೆ ಮಾತಾಡುತ್ತಿದ್ದರು. ಅದಕ್ಕೆಂದೇ ಆ ಹೊತ್ತು ಗೊತ್ತುಮಾಡಿದ್ದರು. ಹಾಗಾಗಿ ದಿನಾ ಮೂರಕ್ಕೆ ನನಗೂ ದಿಲ್ಲಿ ಸಿಗುತ್ತಿದ್ದಳು. ಅವರ ನಂಬರು ಸಿಗುವ ತನಕ ನಮ್ಮ ಮಾತು.

ಆಗಲೇ ಆಕೆಯ ಕಥೆ ತಿಳಿದದ್ದು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಸಾಲೆಗೆ ಹೋಗುತ್ತಿದ್ದಳು. ತಾಯಿ ಮಗಳು ಗಂಡನ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಮಲಗುತ್ತಿದ್ದರು. ಕೆಲಸ ತಾತ್ಕಾಲಿಕ, ಆ ವರ್ಷ ಕಾಯಂ ಆಗುವ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. “ಕಾಯಂ ಆದ ದಿನವೇ ಒಂದು ಕೋಣೆ ಹಿಡಿಯುತ್ತೇನೆ ಕೊಪ್ಪಳ್. ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು, ಅಷ್ಟೇ” ಎನ್ನುತ್ತಿದ್ದಳು. ಆ ಚಿಲಕದ ಮಾತು ಕೇಳಿದಾಗ ನಾನು ಹೆಚ್ಚು ಕೆದಕಲಿಲ್ಲ.

ಅಷ್ಟೆಲ್ಲ ಹೇಳಿಕೊಂಡವಳ ಹೆಸರು? ಕೇಳಲಿಲ್ಲ. ಆಕೆಯೂ ನನ್ನ ಹೆಸರು ಕೇಳಲಿಲ್ಲ. ಆಕೆ ಡೆಲ್ಲಿ, ನಾನು ಕೊಪ್ಪಳ್. ಅದೇ ಸಾಕಾಗಿತ್ತು.

ಒಂದು ದಿನ ಎರಡೂಮುಕ್ಕಾಲಿಗೆ ಕಿನ್ನಾಳದಿಂದ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ಗಂಗಮ್ಮ. ಕಟ್ಟಿಗೆ ಗೊಂಬೆ ಮಾಡುವ ಮನೆಯವಳು. ಬೆರಳ ಸಂದಿಯಲ್ಲಿ ಇನ್ನೂ ಹಸಿರು ಬಣ್ಣವಿತ್ತು. ಓಡಿಬಂದಿದ್ದಳು.

“ಅಕ್ಕಾರ, ನಮ್ಮ ಮಾವಗ ಭಾಳ ಜಡ್ಡಾಗೇತ್ರಿ. ಡಾಕ್ಟರು ನಾಕು ದಿನ ಅಂದಾರ. ಮಗನ ಹೆಸರೇ ಹಿಡಕೊಂಡು ಕುಂತಾರ. ನಮ್ಮ ಮನಿಯವರು ಗೊಂಬಿ ತಗೊಂಡು ದಿಲ್ಲಿ ಪ್ರದರ್ಶನಕ್ಕ ಹೋಗ್ಯಾರ್ರಿ. ಇವತ್ತು ಅಲ್ಲಿದು ಮುಗೀತೈತಿ. ನಾಕಕ್ಕ ಎಲ್ಲಾರ ಕೂಡ ಮುಂದಿನ ಊರಿಗೆ ರೈಲು ಹತ್ತತಾರ. ಹತ್ತಿದ್ರ ಮತ್ತ ಎಲ್ಲಿ ಅದಾರಂತ ಗೊತ್ತಾಗೂದಿಲ್ಲ.”

ಪ್ರದರ್ಶನದ ಕಚೇರಿಯ ನಂಬರು ಚೀಟಿಯಲ್ಲಿತ್ತು. ನಾನು ಕೆಂಪು ಗೆರೆ ಎಳೆದೆ. “ಮೂರಕ್ಕ ದಿಲ್ಲಿ ಬರ್ತೈತಿ. ಬಂದ ಕೂಡ್ಲೇ ಕೊಡ್ತೀನಿ. ಕೂಡ್ರವ್ವಾ.” ಆಕೆ ಬೆಂಚಿನ ತುದಿಯಲ್ಲಿ ಕೂತಳು.

ಮೂರಕ್ಕೆ ದಿಲ್ಲಿ ಬಂತು. “ಡೆಲ್ಲಿ” ಎಂದ ದನಿ ಅಂದು ಬೇರೆ ಇತ್ತು. ಅತ್ತು ಮುಗಿಸಿ ಕೂತ ದನಿ. ವ್ಯಾಪಾರಿಯ ನಂಬರು ಕೇಳಿದೆ. ಅದು ಖಾಲಿ ಇರಲಿಲ್ಲ. “ಏನಾಯಿತು?” ಎಂದೆ. ಭಾವ ಮಗಳ ಸಾಲೆ ಬಿಡಿಸಿದ್ದ. ಬೆಳಿಗ್ಗೆ ಪಾಟಿಚೀಲವನ್ನು ಅಟ್ಟದ ಮೇಲೆ ಎಸೆದಿದ್ದ. ಈಕೆ ಕೆಲಸಕ್ಕೆ ಹೊರಟಾಗಲೂ ಹುಡುಗಿ ಅಟ್ಟದ ಕೆಳಗೆ ನಿಂತೇ ಇದ್ದಳು, ಊಟ ಮಾಡಿರಲಿಲ್ಲ. ಹೇಳುತ್ತ ಹೇಳುತ್ತ ಮತ್ತೆ ಅಳತೊಡಗಿದಳು.

ನನ್ನ ಮೊಣಕೈ ಕೆಳಗೆ ಕೆಂಪು ಗೆರೆಯ ಚೀಟಿ ಇತ್ತು. ‘ಡೆಲ್ಲಿ, ಇನ್ನೊಂದು ನಂಬರಿದೆ, ಅವಸರದ್ದು’ ಎಂಬ ಒಂದು ಮಾತು ಸಾಕಾಗಿತ್ತು. ನಾನು ಆಡಲಿಲ್ಲ. ಅಳುವವಳ ಮಾತನ್ನು ಹೇಗೆ ಕತ್ತರಿಸಲಿ, ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎಂದುಕೊಂಡೆ. ನಡುವೆ ಬೆಂಗಳೂರು ಕೆಮ್ಮಿದ. “ಕೊಪ್ಪಳ್, ಮಾತು ನಡೀತಿದೆಯಾ?” ಎಂದ. “ವರ್ಕಿಂಗ್, ಬ್ಯಾಂಗಲೋರ್” ಎಂದೆ. ಸುಳ್ಳು.

ಕಿಟಕಿಯ ಹೊರಗೆ ಗಂಗಮ್ಮ ಎದ್ದು ನಿಂತಳು. “ಅಕ್ಕಾರ, ಬಂತ್ರ್ಯಾ?”

ಕೈ ತೋರಿಸಿ ಕೂರಲು ಹೇಳಿದೆ. “ಬರ್ತೈತಿ.”

ಆಕೆ ಕೂತಳು. ನನ್ನನ್ನು ನಂಬಿ ಕೂತಳು.

ನಾನು ಆ ನಂಬರು ಕೇಳಿದಾಗ ಮೂರೂವರೆ ದಾಟಿತ್ತು. ದಿಲ್ಲಿ ಬೆಚ್ಚಿಬಿದ್ದು, “ಅವಸರದ್ದು ಇತ್ತೇ? ಮೊದಲೇ ಹೇಳಬಾರದಿತ್ತೇ ಕೊಪ್ಪಳ್!” ಎಂದು ದಡಬಡಿಸಿ ನಂಬರು ಹಿಡಿದಳು. ಆ ಕಡೆ ಎತ್ತಿದವನು ಹೇಳಿದ: ಗೊಂಬೆಯವರು ಈಗಷ್ಟೇ ಸಾಮಾನು ಹೇರಿಕೊಂಡು ಸ್ಟೇಷನ್ನಿಗೆ ಹೋದರು, ಹತ್ತು ನಿಮಿಷ ಆಗಿರಬೇಕು.

ಗಂಗಮ್ಮ ರಿಸೀವರು ಹಿಡಿದೇ ನಿಂತಿದ್ದಳು. ಆ ಕಡೆ ಫೋನಿಟ್ಟ ಮೇಲೂ ಹಿಡಿದಿದ್ದಳು. ನಾನೇ ಕೈಯಿಂದ ಬಿಡಿಸಿದೆ.

ಮಾವ ನಾಲ್ಕನೆಯ ದಿನ ಹೋದರು. ಮಗ ಬರಲಿಲ್ಲ.

ಗಂಗಮ್ಮನ ಅಣ್ಣ ಪ್ರಾಥಮಿಕ ಸಾಲೆಯ ಮಾಸ್ತರ. ತಂಗಿಯನ್ನು ಕೇಳಿ, ಎಷ್ಟಕ್ಕೆ ಬಂದಳು, ಎಷ್ಟಕ್ಕೆ ಮಾತಾಯಿತು ಎಂದು ನಿಮಿಷ ನಿಮಿಷ ಬರೆದು ದೂರು ಕೊಟ್ಟ. ದೂರು ಮೇಲಿನಿಂದ ಇಳಿದು ನನ್ನ ಮೇಜಿಗೆ ಬಂತು. ಜೊತೆಗೆ ಬಂದವರು ದೇಸಾಯಿ ಸಾಹೇಬರು, ನಮ್ಮ ಎಕ್ಸ್‌ಚೇಂಜಿನ ಮುಖ್ಯಸ್ಥರು. ಬೈಯುವಾಗಲೂ ‘ರಿ’ ಬಿಡದ ಮನುಷ್ಯ. ಮೇಲಧಿಕಾರಿಗಳಲ್ಲಿ ಕೆಟ್ಟವರನ್ನು ನಾನು ಕಂಡಿದ್ದೇನೆ. ನನ್ನನ್ನು ಕೆಡಿಸಿದ್ದು ಮಾತ್ರ ಈ ಒಳ್ಳೆಯವರು.

“ಏನಾತ್ರಿ ಖೈರುನ್ನಿಸಾ?”

ನಾನು ತಲೆ ತಗ್ಗಿಸಿ ನಿಂತೆ. ಅವರಿಗೆ ಅರ್ಧ ಅರ್ಥವಾಯಿತು.

“ನೋಡ್ರಿ, ಮನ್ಯಾಗ ಸಣ್ಣ ಮಕ್ಕಳದಾವು ನಿಮಗ. ಸಸ್ಪೆಂಡ್ ಮಾಡಿದ್ರ ಏನು ಮಾಡ್ತೀರಿ? ‘ಡಿಲೇ ಅಟ್ ಡೆಲ್ಲಿ’ ಅಂತ ಬರೀರಿ.”

“ಸರ್, ಡೆಲ್ಲಿ ಅಂದ್ರ ಆಕಿ...”

“ಯಾವ ಆಕಿ? ಡೆಲ್ಲಿ ಅಂದ್ರ ಯಾರೂ ಅಲ್ರಿ. ಎಲ್ಲಾ ಊರಾಗ ಎಲ್ಲಾರೂ ಹಂಗ ಬರೀತಾರ. ಅಷ್ಟು ದೊಡ್ಡ ಊರು, ಅದಕ್ಕೇನು ಆಗತೈತಿ? ಸಮುದ್ರಕ್ಕ ಒಂದು ಕಲ್ಲು ಒಗದಂಗ.”

ಅವರೇ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ನನಗೆ ಗೊತ್ತಿತ್ತು. ಬೋರ್ಡಿನ ಮೇಲಿನ ಡೆಲ್ಲಿ ಊರಲ್ಲ ಎಂದು ಮೇಡಂ ಹೇಳಿದ್ದರು. ಆದರೆ ಕಾಗದದ ಮೇಲೆ ಬರೆಯುವಾಗ ಅದು ಊರು ಎಂದು ನನಗೆ ನಾನೇ ಹೇಳಿಕೊಂಡೆ. ಕೆಂಪು ಕೋಟೆ, ಪಾರ್ಲಿಮೆಂಟು, ಅಗಲವಾದ ರಸ್ತೆಗಳು. ಅಷ್ಟೆಲ್ಲ ಇರುವ ಊರು ನನ್ನದೊಂದು ಸುಳ್ಳನ್ನು ಹೊರಲಾರದೇ? ಮೂರು ಇಂಗ್ಲಿಷ್ ಶಬ್ದ ಬರೆದೆ, ಸಹಿ ಮಾಡಿದೆ. ಆಮೇಲೆ ತಿಳಿಯಿತು, ಹುಬ್ಬಳ್ಳಿಯೂ ಅದನ್ನೇ ಬರೆಯಿತಂತೆ. ಕೆಮ್ಮುವ ಬೆಂಗಳೂರೂ ಅದನ್ನೇ ಬರೆದನಂತೆ. ಮೂರು ಊರು ಸೇರಿ ಒಂದೇ ಕಡೆ ಬೆರಳು ತೋರಿಸಿದೆವು.

ಮೂರು ವಾರ ಏನೂ ಆಗಲಿಲ್ಲ. ದಿಲ್ಲಿ ದಿನಾ ಮೂರಕ್ಕೆ ಸಿಗುತ್ತಿದ್ದಳು. ನಾನು ಕೆಲಸದ ಮಾತು ಮಾತ್ರ ಆಡುತ್ತಿದ್ದೆ. “ಸಿಟ್ಟೇ ಕೊಪ್ಪಳ್?” ಎಂದು ಒಮ್ಮೆ ಕೇಳಿದಳು. “ನಕ್ಕೋ” ಎಂದೆ. ಆಕೆ ನಗಲಿಲ್ಲ. “ಆ ಗೊಂಬೆಯವನಿಗೆ ತಂದೆ ಸಿಕ್ಕರೇ?” ಎಂದಳು. “ಇಲ್ಲ” ಎಂದೆ. ಹೇಳಲು ಇಷ್ಟು ಒಳ್ಳೆಯ ಹೊತ್ತು ಇನ್ನೊಂದು ಇರಲಿಲ್ಲ. ಹೇಳಲಿಲ್ಲ.

ನಾಲ್ಕನೆಯ ವಾರ ಬೇರೊಂದು ದನಿ, “ಡೆಲ್ಲಿ” ಎಂದಿತು. ಎಳೆಯ, ಚುರುಕಾದ ದನಿ. ರಜೆ ಇರಬೇಕು ಎಂದುಕೊಂಡೆ. ಎರಡು ವಾರ ಅದೇ ದನಿ. ಒಂದು ದಿನ ತಡೆಯದೆ ಕೇಳಿದೆ: “ಡೆಲ್ಲಿ ಎಲ್ಲಿ?”

“ನಾನೇ ಡೆಲ್ಲಿ.”

“ನೀವಲ್ಲ. ಈ ಹೊತ್ತಿಗೆ ಇರುತ್ತಿದ್ದರಲ್ಲ, ಅವರು.”

“ನೀವು ಕೊಪ್ಪಳ್ ಅಲ್ಲವೇ? ನಿಮ್ಮ ಕಡೆಯಿಂದಲೇ ಬರೆದು ಬಂದಿತ್ತಂತೆ. ನಿಮಿಷ ನಮೂದಾಗಿತ್ತು, ಪಾಳಿ ಪುಸ್ತಕ ತೆಗೆದರು, ಆ ಹೊತ್ತಿಗೆ ಕೂತವರು ಅವರೇ. ತಾತ್ಕಾಲಿಕದವರು, ಮುಂದುವರಿಸಲಿಲ್ಲ.”

“ಅವರು ಏನೂ ಹೇಳಲಿಲ್ಲವೇ?”

“ಲೈನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಿರಿ ಎಂದು ಸಾಹೇಬರು ಕೇಳಿದರಂತೆ. ಯಾರ ಜೊತೆಗೂ ಅಲ್ಲ, ತಡ ಮಾಡಿದ್ದು ನಾನೇ ಎಂದರಂತೆ ಇವರು.”

ಹೆಸರು ಕೇಳಬೇಕು ಎಂದು ಬಾಯಿ ತೆರೆದೆ. “ನಂಬರ್ ಪ್ಲೀಸ್, ಕೊಪ್ಪಳ್” ಎಂದಿತು ಹೊಸ ದನಿ. ಗ್ರಾನೈಟ್ ವ್ಯಾಪಾರಿಯ ನಂಬರು ಕೊಟ್ಟೆ.

ಇನ್ನೂ ಒಂದು ಉಳಿದಿದೆ. ಅದನ್ನು ಬರೆಯದಿದ್ದರೆ ಇದು ಪೂರ್ತಿಯಾಗದು. ತಿಂಗಳ ಮೇಲೆ ಗಂಗಮ್ಮನ ಗಂಡ ಊರಿಗೆ ಬಂದ. ಗಂಡ ಹೆಂಡತಿ ಇಬ್ಬರೂ ಎಕ್ಸ್‌ಚೇಂಜಿಗೆ ಬಂದರು. ಅವನ ತಲೆ ಬೋಳಾಗಿತ್ತು. ಜಗಳಕ್ಕೆ ಬಂದಿರಬೇಕು ಎಂದು ಎದ್ದು ನಿಂತೆ. ಬಂದಿದ್ದರೆ ಒಳ್ಳೆಯದಿತ್ತು. ಅವನು ಟವೆಲಿನಲ್ಲಿ ಸುತ್ತಿದ್ದ ಒಂದು ಗಿಳಿ ತೆಗೆದು ಕಿಟಕಿಯಲ್ಲಿಟ್ಟ. ಹಗುರ ಕಟ್ಟಿಗೆಯ ಗಿಳಿ, ಹಸಿರು ರೆಕ್ಕೆ, ಕೆಂಪು ಕೊಕ್ಕು, ಬಣ್ಣ ಇನ್ನೂ ಹೊಳೆಯುತ್ತಿತ್ತು.

“ಕಾಗದ ಬಂತ್ರಿ ಅಕ್ಕಾರ, ತಪ್ಪು ದಿಲ್ಲಿಯವರದು ಅಂತ” ಎಂದಳು ಗಂಗಮ್ಮ. “ನಮ್ಮಣ್ಣ ಸುಮ್ನ ನಿಮ್ಮ ಮ್ಯಾಲೆ ಬರದಿದ್ದ. ನೀವು ಅವತ್ತು ಕಿವಿಯಿಂದ ಅದನ್ನ ತಗೀಲಿಲ್ಲ, ಎಷ್ಟು ಹೊತ್ತು ಒದ್ದಾಡಿದ್ರಿ, ನಾ ಕಣ್ಣಾರೆ ನೋಡೀನಿ.”

“ದಿಲ್ಲಿ ಮಂದಿಗೆ ನಮ್ಮ ಕಷ್ಟ ಎಲ್ಲಿ ತಿಳೀತೈತ್ರಿ” ಎಂದ ಅವನು.

ಗಂಗಾವತಿಯ ಆ ಹುಡುಗಿಯ ತಂದೆಗೆ ಹೇಳಿದ್ದೆನಲ್ಲ, ಹಾಗೆ ಇವರಿಗೂ ಹೇಳಬಹುದಿತ್ತು. ನಾನು ಗಿಳಿ ತೆಗೆದುಕೊಂಡೆ. “ಚಹಾ ಕುಡೀರಿ” ಎಂದೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಯಂತ್ರ ಬಂತು, ಜನರೇ ನಂಬರು ತಿರುಗಿಸಿ ದಿಲ್ಲಿಗೆ ಮಾತಾಡತೊಡಗಿದರು. ನಡುವೆ ಕೂತ ನಮ್ಮನ್ನು ಎಬ್ಬಿಸಿ ವಿಚಾರಣೆಯ ಮೇಜಿಗೆ ಕೂರಿಸಿದರು. ದಾರಗಳ ಆ ಹಲಗೆಯನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಅಲ್ಲಿ ತನಕ ಉಳಿದ ವರ್ಷಗಳಲ್ಲಿ ಅಕ್ಷರ ಬಿಡಿಸುವಾಗ ನನಗೆ “ಡಿ ಫಾರ್ ಡೆಲ್ಲಿ” ಎನ್ನಲು ನಾಲಿಗೆ ಹೊರಳಲಿಲ್ಲ. “ಡಿ ಫಾರ್ ಧಾರವಾಡ” ಎನ್ನುತ್ತಿದ್ದೆ. ಕೆಮ್ಮುವ ಬೆಂಗಳೂರು ಮೊದಲ ಸಲ ಗದರಿದ. ಎರಡನೆಯ ಸಲ ಗದರಲಿಲ್ಲ. ಅವನಿಗೂ ಗೊತ್ತಿತ್ತು.

ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದು ಹೋದ ವಾರ, ಸನಾಳಿಗೆ. ಅವಳು, “ಹುಡುಕೋಣಲ್ಲ ದಾದಿ” ಎಂದು ನನ್ನ ಫೋನಿನಲ್ಲಿ ಇಂಗ್ಲಿಷಿನಲ್ಲಿ ದಿಲ್ಲಿಯ ಹೆಸರು ಹಾಕಿದಳು. ಅಲ್ಲಿನ ಬಿಸಿಲು ಎಷ್ಟು, ಹೊಗೆ ಎಷ್ಟು ಬಂತು. ರೈಲಿನ ಹೊತ್ತು ಬಂತು. ದಿಲ್ಲಿ ಒಪ್ಪಿತು, ದಿಲ್ಲಿ ಒಪ್ಪಲಿಲ್ಲ, ದಿಲ್ಲಿ ಎಚ್ಚರಿಸಿತು ಎಂದು ಸುದ್ದಿಗಳು ಬಂದವು. ಬೆರಳಿಂದ ಮೇಲೆ ತಳ್ಳಿದಷ್ಟೂ ಬಂತು. ಹುಸೇನಸಾಬರ ಮಾತನ್ನು ಕೇಳಿ ‘ಬರೆದುಕೊಂಡೆ ಬಾಬಾ’ ಎಂದ ದಿಲ್ಲಿ ಅದರಲ್ಲಿ ಇರಲಿಲ್ಲ.

“ಹೆಸರಾದ್ರೂ ಹೇಳು ದಾದಿ. ಹೆಸರಿಲ್ದ ಹೆಂಗ ಹುಡುಕೂದು?”

“ಅದನ್ನ ನಾ ಕೇಳಲೇ ಇಲ್ಲವ್ವಾ.”

ಮರುದಿನ ಸನಾ ಕೆಲಸದಿಂದ ಬಂದು, ಮೂರು ಸಲ ಫೋನ್ ಮಾಡಿದ್ದ ಆ ಮುದುಕನ ಕಥೆ ಹೇಳಿದಳು. ಪೆಂಡಿಂಗ್ ಎಂದು ಮುಚ್ಚಿದ್ದನ್ನು ಮತ್ತೆ ತೆರೆದಳಂತೆ. ಬೆಂಗಳೂರಿಗೆ ಕಾಗದ ಹೋಗಿರಲೇ ಇಲ್ಲ, ಇಲ್ಲೇ ಕೊಪ್ಪಳದಲ್ಲಿ ಅವರದೇ ಕೋಣೆಯ ಎರಡನೆಯ ಮೇಜಿನಲ್ಲಿ ಬಿದ್ದಿತ್ತಂತೆ. “ಯಾರ ಮೇಜು?” ಎಂದೆ. ಈ ಸಲ ಹೆಸರು ಹೇಳಿದಳು. ಹೇಳುವಾಗ ದನಿ ತಗ್ಗಿತ್ತು. ಆ ಮೇಜಿನವಳು ಈಕೆಯ ಡಬ್ಬಿಯಲ್ಲಿ ಊಟ ಮಾಡುವ ಗೆಳತಿ. ಮುಂದೇನು ಮಾಡಬೇಕು ಎಂದು ನನ್ನ ಮುಖ ನೋಡಿದಳು. ನನಗೆ ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ.

ಗಿಳಿ ನಮ್ಮ ಕಪಾಟಿನಲ್ಲಿದೆ. ಸೊಸೆ ಎರಡು ಸಲ ಹೊರಗೆ ಎಸೆಯಲು ನೋಡಿದಳು, ಬಣ್ಣ ಹೋಗಿದೆ ಎಂದು. ಕೊಡಲಿಲ್ಲ.

ಬೇಕಾದವರ ನಂಬರುಗಳನ್ನು ಫೋನಿನಲ್ಲಿ ಹೆಸರು ಹಾಕಿ ಇಡುವುದನ್ನೂ ಸನಾ ಕಲಿಸಿದ್ದಾಳೆ. ‘ದವಾಖಾನಿ’ ಎಂದು ಒಂದಿದೆ. ‘ದೂಧವಾಲಾ’ ಎಂದು ಒಂದಿದೆ. ನಿನ್ನೆ ಒಬ್ಬಳೇ ಕೂತು ಅವೆರಡರ ನಡುವೆ ಇನ್ನೊಂದು ಹೆಸರು ಸೇರಿಸಿದೆ. ‘ದಿಲ್ಲಿ’. ನಂಬರಿನ ಜಾಗ ಖಾಲಿ ಬಿಟ್ಟೆ. ಬೇಡ ಅನ್ನುತ್ತದೇನೋ ಎಂದುಕೊಂಡಿದ್ದೆ, ಫೋನು ಒಪ್ಪಿಕೊಂಡಿತು. ಅದರ ಮೇಲೆ ಬೆರಳಿಟ್ಟರೆ ಆ ಹೆಸರು ಮಾತ್ರ ದೊಡ್ಡದಾಗಿ ಕಾಣುತ್ತದೆ. ಕೆಳಗೆ ಒತ್ತಲು ಏನೂ ಇಲ್ಲ.